ಚಿತ್ರದ ಮುಂದೆ ನಿಂತವರಿಗೆ ಆ್ಯಪ್ ಏನು ಹೇಳಬೇಕು?

ಪ್ರಶ್ನೆ: ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯಂಥ ಕಡೆಗೆ ಕನ್ನಡದಲ್ಲಿ ಮಾತಾಡುವ ಎಐ ಗೈಡ್ ಆ್ಯಪ್ ಮಾಡುವ ಆಸೆಯಿದೆ. ಎಲ್ಲಿಂದ ಶುರು ಮಾಡಲಿ?
– ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಖಂಡಿತ ಮಾಡಿ, ಇದು ನಮಗೆ ಬೇಕು. ಆದರೆ ಧ್ವನಿಯಿಂದಲ್ಲ, ಮಾಹಿತಿಯಿಂದ ಶುರು ಮಾಡಿ. ಅಲ್ಲಿರುವ ದೀಪ ಹಿಡಿದ ಹೆಣ್ಣಿನ ಚಿತ್ರವನ್ನೇ ತೆಗೆದುಕೊಳ್ಳಿ. ಅದು ರವಿವರ್ಮರದು ಎಂದು ಎಷ್ಟೋ ಜನ ನಂಬಿದ್ದಾರೆ, ಹಾಗೇ ಬರೆದೂ ಇದ್ದಾರೆ. ನಿಜವಾಗಿ ಅದನ್ನು ಜಲವರ್ಣದಲ್ಲಿ ಬರೆದವರು ಎಸ್.ಎಲ್. ಹಲ್ದಣಕರ್, ಅದೂ ರವಿವರ್ಮ 1906ರಲ್ಲಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಎಐಯನ್ನು ಸುಮ್ನೆ ಬಿಟ್ಟರೆ ಅದೇ ತಪ್ಪನ್ನು ಧೈರ್ಯವಾಗಿ ಹೇಳಿಬಿಡಬಹುದು, ಅಲ್ವಾ? ಹಾಗಾಗಿ ಕಲಾ ಇತಿಹಾಸ ಬಲ್ಲವರು ಓದಿ ಒಪ್ಪಿದ ಬರಹದಿಂದ ಮಾತ್ರ ಅದು ಉತ್ತರ ಕೊಡಲಿ. ಅದರಲ್ಲಿ ಇಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನಲಿ.

ಮಾತು ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ, ಅದು ಕಣ್ಣಿಗೆ ದಾರಿ ತೋರಬೇಕು. ದೀಪದ ಬೆಳಕು ಅವಳ ಬೆರಳುಗಳ ಮೇಲೆ ಹೇಗೆ ಬಿದ್ದಿದೆ ನೋಡಿ ಎಂದರೆ ಜನ ನಿಂತು ನೋಡುತ್ತಾರೆ. ಕಣ್ಣು ಕಾಣದವರಿಗೆ ಇಡೀ ಚಿತ್ರವನ್ನು ಬಿಡಿಸಿ ಹೇಳುವ ಆಯ್ಕೆ ಇರಲೇಬೇಕು, ಇದನ್ನು ಆಮೇಲೆ ನೋಡೋಣ ಎಂದು ಮುಂದೆ ಹಾಕಬೇಡಿ. ದಪ್ಪ ಗೋಡೆಯ ಹಳೇ ಕಟ್ಟಡಗಳಲ್ಲಿ ಸಿಗ್ನಲ್ ಕೈಕೊಡುತ್ತದೆ. ಆಡಿಯೋವನ್ನು ಬಾಗಿಲಲ್ಲೇ ಡೌನ್‌ಲೋಡ್ ಮಾಡಿಕೊಳ್ಳುವಂತಿರಲಿ.