ಒರಗಿ ತುಳಿಯುವವರ ಹಾದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಒರಗಿಕೊಂಡು ತುಳಿಯುವ ಮೂರು ಗಾಲಿಯ ಸೈಕಲ್, ಅಂದರೆ ರಿಕಂಬೆಂಟ್ ಟ್ರೈಕ್ ಕುರಿತು ಬಂದ ಮೂರು ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 62 ವರ್ಷ. ಕಾಲೇಜಿನ ದಿನಗಳಿಂದ ನಿವೃತ್ತಿಯವರೆಗೂ ಮೈಸೂರಿನಲ್ಲಿ ಸೈಕಲ್ ತುಳಿದವಳು. ಕುತ್ತಿಗೆಯ ಮೂಳೆ ಸವೆದಿದೆಯೆಂದು ತಿಳಿದ ಮೇಲೆ ಬಿಟ್ಟುಬಿಟ್ಟೆ. ಈಗ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿನ ನದಿದಂಡೆಯ ಹಾದಿಯಲ್ಲಿ ಕೆಲವರು ಆರಾಮಕುರ್ಚಿಯಲ್ಲಿ ಕುಳಿತಂತೆ ಒರಗಿ, ಕಾಲು ಮುಂದಕ್ಕೆ ಚಾಚಿ ಟ್ರೈಕ್ ತುಳಿಯುವುದನ್ನು ಕಂಡೆ. ಅದು ಸೈಕಲ್ ತುಳಿಯಲಾರದವರಿಗೆಂದು ಇರುವ ಸಾಧನವೇ, ಅಥವಾ ಅದಕ್ಕೆ ಅದರದೇ ಸುಖವಿದೆಯೇ?

ಉತ್ತರ: ಅದಕ್ಕೆ ಅದರದೇ ಸುಖವಿದೆ. ನಾನೂ ಬೆನ್ನುನೋವಿನ ಕಾರಣದಿಂದಲೇ ಟ್ರೈಕ್ ಹತ್ತಿದವನು; ನೋವು ಕಡಿಮೆಯಾದ ಮೇಲೂ ಹಳೆಯ ಸೈಕಲ್ಲಿಗೆ ಮರಳಬೇಕೆಂದು ಅನ್ನಿಸಲಿಲ್ಲ.

ಎರಡು ಗಾಲಿಯ ಸೈಕಲ್ ನೆಟ್ಟಗೆ ನಿಲ್ಲಬೇಕಾದರೆ ಓಡುತ್ತಲೇ ಇರಬೇಕು. ಏರಿನಲ್ಲಿ ಓಟ ತೀರ ತಗ್ಗಿದೊಡನೆ ಹ್ಯಾಂಡಲ್ ಓಲಾಡಲಾರಂಭಿಸುತ್ತದೆ, ನಾವು ಉಸಿರು ಕಟ್ಟಿಕೊಂಡು ಜೋರಾಗಿ ತುಳಿಯುತ್ತೇವೆ ಇಲ್ಲವೇ ಇಳಿದು ತಳ್ಳುತ್ತೇವೆ. ಟ್ರೈಕಿನಲ್ಲಿ ಈ ಒತ್ತಾಯವಿಲ್ಲ. ಅತಿ ಕೆಳಗಿನ ಗೇರಿನಲ್ಲಿ, ನಡೆಯುವವರಿಗಿಂತಲೂ ನಿಧಾನವಾಗಿ, ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಹತ್ತಿದರೂ ಬೀಳುವ ಮಾತಿಲ್ಲ. ದಣಿವಾದರೆ ಏರಿನ ನಡುವೆಯೇ ಬ್ರೇಕ್ ಹಿಡಿದು, ಕುಳಿತಲ್ಲಿಂದ ಏಳದೆ ನೀರು ಕುಡಿದು, ಮತ್ತೆ ತುಳಿಯಬಹುದು. ನಿಧಾನವಾಗಿ ಹೋಗುವ ಈ ಸ್ವಾತಂತ್ರ್ಯವೇ ಟ್ರೈಕಿನ ದೊಡ್ಡ ಸುಖವೆಂದು ನನ್ನ ಅನುಭವ.

ನೀವಿರುವ ಊರಿನಿಂದಲೇ ಇದಕ್ಕೆ ಹೇಳಿ ಮಾಡಿಸಿದಂತಹ ಹಾದಿಯೊಂದು ಹೊರಡುತ್ತದೆ. ಪಿಟ್ಸ್‌ಬರ್ಗಿನಿಂದ ಮೇರಿಲ್ಯಾಂಡಿನ ಕಂಬರ್ಲೆಂಡ್‌ವರೆಗೆ ಸುಮಾರು 240 ಕಿಲೋಮೀಟರ್ ಸಾಗುವ ಈ ಗ್ರೇಟ್ ಅಲೆಗೇನಿ ಪ್ಯಾಸೇಜ್ ಬಹುಮಟ್ಟಿಗೆ ಹಳೆಯ ರೈಲುಹಳಿಗಳ ಜಾಡಿನಲ್ಲಿಯೇ ಇದೆ. ರೈಲು ಕಡಿದಾದ ಏರನ್ನು ಹತ್ತಲಾರದಾದ್ದರಿಂದ ಅಂದಿನ ಇಂಜಿನಿಯರುಗಳು ಬೆಟ್ಟವನ್ನು ಸುತ್ತಿಸಿ, ಕೊರೆದು, ಕಣಿವೆಗೆ ಸೇತುವೆ ಕಟ್ಟಿ ಹಾದಿಯನ್ನು ಹದಕ್ಕೆ ತಂದರು. ಮೋಟಾರು ವಾಹನಗಳಿಲ್ಲದ ಆ ಹದವಾದ ಹಾದಿ ಇಂದು ನಮ್ಮ ಪಾಲಿಗೆ ಒದಗಿದೆ. ಕಳೆದ ಅಕ್ಟೋಬರಿನಲ್ಲಿ ನಾನು ಕಂಬರ್ಲೆಂಡ್ ಕಡೆಯಿಂದ ಹತ್ತಿದೆ. ಅಲ್ಲಿಂದ ನೆತ್ತಿಯವರೆಗೆ ಸುಮಾರು 38 ಕಿಲೋಮೀಟರ್; ಏರು ಎಲ್ಲಿಯೂ ನೂರಕ್ಕೆ ಎರಡನ್ನು ಮುಟ್ಟುವುದಿಲ್ಲವಾದರೂ ಬಿಡುವಿಲ್ಲದೆ ಏರುತ್ತಲೇ ಇರುತ್ತದೆ. ಸೈಕಲ್ಲಿನವರು ತಲೆ ತಗ್ಗಿಸಿಕೊಂಡು ನನ್ನನ್ನು ದಾಟಿ ಹೋದರು. ನನಗೋ ತಲೆಯನ್ನು ಎತ್ತುವ ಶ್ರಮವೂ ಇರಲಿಲ್ಲ, ತಗ್ಗಿಸುವ ಅಗತ್ಯವೂ ಇರಲಿಲ್ಲ. ಬೆನ್ನು ಸೀಟಿಗೆ ಒರಗಿತ್ತು, ಕೈಗಳು ತೊಡೆಯ ಪಕ್ಕದ ಹಿಡಿಗಳ ಮೇಲೆ ಭಾರವಿಲ್ಲದೆ ಇದ್ದವು, ಕಣ್ಣೆದುರಿಗೆ ಕೆಂಪೇರಿದ ಮೇಪಲ್ ಕೊಂಬೆಗಳೂ ಅವುಗಳ ನಡುವಿನ ಆಕಾಶವೂ ಇದ್ದವು. ಪಕ್ಕದ ಹಳಿಯಲ್ಲಿ ಪ್ರವಾಸಿಗರ ರೈಲು ಹತ್ತಿ ಬರುವ ಸದ್ದು ಕೇಳಿಸಿದಾಗ ನಿಂತಲ್ಲೇ ಕುಳಿತು ಅದು ಹೋಗುವವರೆಗೂ ನೋಡಿದೆ.

ಸುಮಾರು ಒಂದು ಕಿಲೋಮೀಟರ್ ಉದ್ದದ ಬಿಗ್ ಸ್ಯಾವೇಜ್ ಸುರಂಗವನ್ನು ದಾಟಿದ ಮೇಲೆ, 729 ಮೀಟರ್ ಎತ್ತರದಲ್ಲಿ ಪೂರ್ವ ಜಲವಿಭಜಕ ಸಿಗುತ್ತದೆ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯಂತೆ ಇಲ್ಲಿಯೂ ಬಿದ್ದ ಮಳೆ ಎರಡಾಗಿ ಹರಿಯುತ್ತದೆ: ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಒಹಾಯೊ ಮತ್ತು ಮಿಸಿಸಿಪಿ ನದಿಗಳ ಮೂಲಕ ಮೆಕ್ಸಿಕೊ ಕೊಲ್ಲಿಗೆ. ಅಲ್ಲಿಂದಾಚೆಗೆ ಪಿಟ್ಸ್‌ಬರ್ಗ್ ಕಡೆಯ ಇಳಿಜಾರು ಎಷ್ಟು ಮೆಲ್ಲನೆಯದೆಂದರೆ, ಇಳಿಯುತ್ತಿದ್ದೇವೆಂದು ಕಣ್ಣಿಗೆ ತೋರದಿದ್ದರೂ ಕಾಲಿಗೆ ತಿಳಿಯುತ್ತದೆ. ಕ್ಯಾಸಲ್‌ಮನ್ ಕಣಿವೆಯ ಮೇಲಿನ 582 ಮೀಟರ್ ಉದ್ದದ ಸೇತುವೆಯ ನಡುವೆ ನಾನು ಟ್ರೈಕಿನಿಂದ ಇಳಿಯದೆಯೇ ಬಹಳ ಹೊತ್ತು ಕುಳಿತಿದ್ದೆ. ನಿಂತರೂ ಕುರ್ಚಿಯಲ್ಲೇ ಇರುತ್ತೇವೆಂಬುದು ಕೇಳಲು ಸಣ್ಣ ಸಂಗತಿ, ಆದರೆ ಅದರಿಂದಾಗಿ ನಿಲ್ಲುವುದಕ್ಕೆ ಮನಸ್ಸು ಹಿಂದೇಟು ಹಾಕುವುದಿಲ್ಲ. ಹತ್ತು ಸಲ ನಿಲ್ಲುವವನು ಹತ್ತು ಪಟ್ಟು ನೋಡುತ್ತಾನೆ.

ನಿಮ್ಮ ಕುತ್ತಿಗೆಯ ವಿಷಯವಾಗಿ ಮೊದಲು ವೈದ್ಯರನ್ನು ಕೇಳಿರಿ. ಟ್ರೈಕಿನ ಸೀಟು ನವಾರಿನ ಮಂಚದಂತೆ ಬಿಗಿದ ಬಲೆಬಟ್ಟೆಯದಾಗಿದ್ದು, ದೇಹದ ಭಾರ ಬೆನ್ನು ಮತ್ತು ಸೊಂಟದ ಮೇಲೆಲ್ಲ ಹಂಚಿಹೋಗುತ್ತದೆ. ಆದರೆ ಸೀಟು ತೀರ ಮಲಗಿದಂತಿದ್ದರೆ ಮುಂದೆ ನೋಡಲು ತಲೆಯನ್ನು ಎತ್ತಿ ಹಿಡಿಯಬೇಕಾಗಿ ಕುತ್ತಿಗೆಗೇ ಆಯಾಸವಾಗುತ್ತದೆ. ಆದ್ದರಿಂದ ನಿಮಗೆ ಹೆಚ್ಚು ನೆಟ್ಟಗಿರುವ, ನೆಲದಿಂದ ತುಸು ಎತ್ತರದ ಸೀಟು ಒಳ್ಳೆಯದು. ಅದರಲ್ಲಿ ಕೂರುವಾಗ, ಏಳುವಾಗ ಮಂಡಿಗೂ ಹಿತ. ಪೆಡಲು ದೂರಕ್ಕೆ ಹೋದಾಗಲೂ ಮಂಡಿ ಸ್ವಲ್ಪ ಮಡಚಿರುವಂತೆ ಪೆಡಲುಗಳನ್ನು ಹೊತ್ತ ಮುಂದಿನ ಕೊಳವೆಯ ಉದ್ದವನ್ನು ಹೊಂದಿಸಿಕೊಳ್ಳಬೇಕು. ಪಾದಗಳನ್ನು ಪೆಡಲಿಗೆ ಪಟ್ಟಿಯಿಂದ ಬಿಗಿಯುವುದನ್ನು ಎಂದೂ ಮರೆಯಬೇಡಿ: ಓಡುತ್ತಿರುವಾಗ ಪಾದ ಜಾರಿ ನೆಲಕ್ಕೆ ತಾಗಿದರೆ ಗಾಡಿ ಮುಂದೆ ಸರಿದು ಕಾಲನ್ನು ಸೀಟಿನಡಿಗೆ ಎಳೆದುಬಿಡುತ್ತದೆ. ಮೊದಲ ದಿನಗಳಲ್ಲಿ 5 ಕಿಲೋಮೀಟರ್ ಸಾಕು, ಏಕೆಂದರೆ ಸೈಕಲ್ಲಿನಲ್ಲಿ ದುಡಿಯದ ಸ್ನಾಯುಗಳು ಇಲ್ಲಿ ದುಡಿಯುತ್ತವೆ. ಅನಂತರ ಒಹಾಯೋಪೈಲ್ ಮತ್ತು ಕಾನ್‌ಫ್ಲೂಯೆನ್ಸ್ ಊರುಗಳ ನಡುವಿನ, ನದಿಯನ್ನೇ ಅನುಸರಿಸುವ ಭಾಗಕ್ಕೆ ಮಗಳೊಡನೆ ಹೋಗಿಬನ್ನಿ.

ಪ್ರಶ್ನೆ: ನಾವು ನೆದರ್ಲೆಂಡ್ಸ್‌ನ ಐಂಡ್‌ಹೋವನ್ನಿನಲ್ಲಿದ್ದೇವೆ. ನನ್ನ ಯಜಮಾನರು ಸೈಕಲ್ಲಿನಲ್ಲಿ ವೇಗವಾಗಿ ಹೋಗುವವರು. ನಾನು ಟ್ರೈಕ್ ಕೊಂಡರೆ ಅವರಿಗಿಂತ ಹಿಂದೆ ಬೀಳುವೆನೇ?

ಉತ್ತರ: ಏರಿನಲ್ಲಿ ಹಿಂದೆ ಬೀಳುವಿರಿ. ಸಾಮಾನ್ಯವಾಗಿ ಟ್ರೈಕ್ 15ರಿಂದ 20 ಕಿಲೋ ತೂಗುತ್ತದೆ, ಎದ್ದು ನಿಂತು ತುಳಿಯಲು ಅದರಲ್ಲಿ ಬರುವುದೂ ಇಲ್ಲ. ಆದರೆ ನಿಮ್ಮ ಊರಿನ ಸುತ್ತ ಏರು ಎಲ್ಲಿದೆ? ಅಲ್ಲಿ ಇರುವುದು ಎದುರುಗಾಳಿ, ಮತ್ತು ನೆಲಕ್ಕೆ ಹತ್ತಿರ ಒರಗಿ ಕುಳಿತವರಿಗೆ ಗಾಳಿಯ ತಡೆ ಕಡಿಮೆ. ಯಜಮಾನರು ಗಾಳಿಗೆ ಬೆನ್ನು ಬಗ್ಗಿಸಿ ಹೆಣಗುವಾಗ ನೀವು ಅವರ ಪಕ್ಕದಲ್ಲೇ ಇರಬಹುದು.

ಒರಗಿ ತುಳಿಯುವುದು ವೇಗಕ್ಕೆ ವಿರೋಧಿಯಲ್ಲ ಎಂಬುದು 90 ವರ್ಷಗಳ ಹಿಂದೆಯೇ ಸಾಬೀತಾಗಿದೆ. ಫ್ರಾನ್ಸಿನ ಶಾರ್ಲ್ ಮೊಶೆ ತಯಾರಿಸಿದ, ಒರಗಿ ತುಳಿಯುವ ಎರಡು ಗಾಲಿಯ ವೆಲೊಕಾರ್‌ನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಒಂದು ಗಂಟೆಯಲ್ಲಿ 45.055 ಕಿಲೋಮೀಟರ್ ಕ್ರಮಿಸಿ, 1914ರಿಂದ ಯಾರೂ ಮುರಿಯದಿದ್ದ ದಾಖಲೆಯನ್ನು ದಾಟಿದ. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಸೈಕಲ್ಲಿನ ಆಕಾರವನ್ನು ಹೊಸದಾಗಿ ನಿಗದಿಪಡಿಸಿ ಇಂಥ ಗಾಡಿಗಳನ್ನು ಅಧಿಕೃತ ಸ್ಪರ್ಧೆಗಳಿಂದ ಹೊರಗಿಟ್ಟಿತು. ಆ ತೀರ್ಮಾನದಿಂದ ಸೈಕಲ್ಲಿನ ಬೆಳವಣಿಗೆಗೆ ನಷ್ಟವಾಯಿತೆಂದೇ ನನ್ನ ಭಾವನೆ.

ಒಂದು ಎಚ್ಚರಿಕೆ: ಮುಂದೆ ಎರಡು, ಹಿಂದೆ ಒಂದು ಗಾಲಿಯಿರುವ ಟ್ರೈಕ್ ತಿರುವಿನಲ್ಲಿ ಸೈಕಲ್ಲಿನಂತೆ ವಾಲುವುದಿಲ್ಲ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ಮೈಯನ್ನು ತಿರುವಿನ ಒಳಬದಿಗೆ ವಾಲಿಸಬೇಕು.

ಪ್ರಶ್ನೆ: ವಿದೇಶದಿಂದ ಮರಳುವಾಗ ಮಗ ತನ್ನ ಟ್ರೈಕನ್ನು ಬೆಂಗಳೂರಿಗೆ ತರುತ್ತೇನೆನ್ನುತ್ತಾನೆ. ತರಬಹುದೇ?

ಉತ್ತರ: ತರಲಿ, ಆದರೆ ನಗರದ ವಾಹನಸಂದಣಿಯಲ್ಲಿ ಓಡಿಸುವುದಕ್ಕೆ ಬೇಡ. ಸವಾರನ ತಲೆ ಕಾರಿನ ಕಿಟಕಿಗಿಂತ ಕೆಳಗಿರುತ್ತದೆ; ಬಸ್ಸು, ಲಾರಿಗಳ ಚಾಲಕರಿಗೆ ಹತ್ತಿರ ಬಂದಾಗ ಕಾಣಿಸುವುದೇ ಇಲ್ಲ. ಎರಡು ಗಾಲಿಯ ಸೈಕಲ್ ಗುಂಡಿಯ ಪಕ್ಕದಲ್ಲಿ ನುಸುಳಬಲ್ಲದು, ಮೂರು ಜಾಡುಗಳಲ್ಲಿ ಉರುಳುವ ಟ್ರೈಕಿನ ಒಂದಲ್ಲ ಒಂದು ಗಾಲಿ ಅದಕ್ಕೆ ಇಳಿದೇ ತೀರುತ್ತದೆ. ಎತ್ತರದ ರಸ್ತೆಉಬ್ಬುಗಳಿಗೆ ಅಡಿಭಾಗ ತಾಗುವ ಸಾಧ್ಯತೆಯಿದೆ. ಬೀದಿನಾಯಿಯ ಮುಖವೂ ಸವಾರನ ಮುಖವೂ ಸರಿಸುಮಾರು ಒಂದೇ ಎತ್ತರದಲ್ಲಿರುತ್ತವೆ ಎಂಬುದನ್ನೂ ಯೋಚಿಸಬೇಕು.

ಹಾಗೆಂದು ಆಸೆ ಬಿಡಬೇಕಿಲ್ಲ. ಊರಾಚೆಯ, ಸಂಚಾರ ವಿರಳವಾದ ನುಣುಪು ರಸ್ತೆಗಳಿಗೆ ಟ್ರೈಕನ್ನು ಕಾರಿನಲ್ಲಿ ಒಯ್ದು, ಬೆಳಕು ಹರಿದ ಮೇಲೆ ಹೊರಟು, ಬಿಸಿಲೇರುವ ಮೊದಲು ಮುಗಿಸಬಹುದು. ಒರಗಿದವರ ಮುಖಕ್ಕೆ ಬಿಸಿಲು ನೇರವಾಗಿ ಬೀಳುವುದರಿಂದ ಅಂಚಿನ ಟೋಪಿ ಮತ್ತು ಕಪ್ಪು ಕನ್ನಡಕ ಜೊತೆಗಿರಲಿ. ಹಿಂದೆ ಎತ್ತರದ ಕೋಲಿಗೆ ಕಟ್ಟಿದ ಬಾವುಟ, ಎರಡೂ ಕಡೆ ಕನ್ನಡಿ, ಹಗಲಿನಲ್ಲೂ ಉರಿಯುವ ದೀಪ ಇರಲೇಬೇಕು. ಮಗನ ಟ್ರೈಕ್ ಮಡಚುವಂಥದ್ದೋ ಅಲ್ಲವೋ ಎಂದು ಮೊದಲು ಕೇಳಿರಿ. ಮಡಚದ ಟ್ರೈಕ್ ಸುಮಾರು 80 ಸೆಂಟಿಮೀಟರ್ ಅಗಲವಿರುತ್ತದೆ. ನಿಮ್ಮ ಮನೆಯ ಬಾಗಿಲನ್ನೂ ಲಿಫ್ಟನ್ನೂ ಅಳೆದು ನೋಡಿದ ಮೇಲೆಯೇ ಸಾಗಣೆಯ ಹಣ ಕಟ್ಟಲು ಹೇಳಿರಿ.