ಯಾವ ಪೆಡಲ್ ಅನ್ನುವುದು ಆಮೇಲೆ, ಮೊದಲು ಸ್ಪ್ರಿಂಗ್ ಸಡಿಲಿಸಿ

ಡೆತ್ ಮೆಟಲ್ ಬ್ಯಾಂಡ್ ನೈಲ್‌ನ ಡ್ರಮ್ಮರ್ ಜಾರ್ಜ್ ಕೊಲ್ಲಿಯಾಸ್ ಹಾಗೆ 240 ಬಿಪಿಎಂನಲ್ಲಿ (ನಿಮಿಷಕ್ಕೆ 240 ಬೀಟ್) ಡಬಲ್ ಬೇಸ್, ಅಂದರೆ ಎರಡೂ ಕಾಲಲ್ಲಿ ಬೇಸ್ ಡ್ರಮ್, ಬಾರಿಸಲು ಚೈನ್ ಪೆಡಲ್ ಸಾಕಾ, ಚೈನ್ ಇಲ್ಲದ ಡೈರೆಕ್ಟ್ ಡ್ರೈವ್ ಪೆಡಲ್ ಬೇಕಾ ಅಂತ ಗೋಣಿಕೊಪ್ಪದಿಂದ ಕೇಳಿದ್ದೀರಿ. ಇದೇ ಪ್ರಶ್ನೆ ಹಿಂದೆ ಬಿದ್ದು ನಾನೊಂದು ಮಳೆಗಾಲ ಪೂರ್ತಿ ಹಾಳು ಮಾಡಿಕೊಂಡೆ.

ಸೋಮವಾರಪೇಟೆ ಕಡೆ ನಮ್ಮ ಕಾಫಿ ಗೋಡೌನಿನಲ್ಲಿ ನನ್ನ ಕಿಟ್ ಇತ್ತು. ಜೂನ್ ಹೊತ್ತಿಗೆ ಮೂಟೆಗಳೆಲ್ಲ ಖಾಲಿ, ಶೀಟಿನ ಮೇಲೆ ಮಳೆ, ಎಷ್ಟು ಬಾರಿಸಿದರೂ ಯಾರೂ ಬೈಯುತ್ತಿರಲಿಲ್ಲ. ಹೆಡ್‌ಫೋನಿನಲ್ಲಿ ಕೊಲ್ಲಿಯಾಸ್‌ನ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು, ನನ್ನದು ಬರೀ ಗುಂಯ್ ಅನ್ನುತ್ತಿತ್ತು. ಕಾಲಲ್ಲಿ ಬಲ ಸಾಲದು ಅಂದುಕೊಂಡೆ. ಸಾಲ ಮಾಡಿ ಡೈರೆಕ್ಟ್ ಡ್ರೈವ್ ತರಿಸಿದೆ, ಸ್ಪ್ರಿಂಗನ್ನು ತಿರುಗುವಷ್ಟೂ ಬಿಗಿ ಮಾಡಿದೆ, ತೊಡೆ ಎತ್ತಿ ಎತ್ತಿ ತುಳಿದೆ.

ಎಡವಿದ್ದು ಇಲ್ಲೇ, ಬಿಡಿಸಿ ಹೇಳುತ್ತೇನೆ. ಈ ಸಂಗೀತದಲ್ಲಿ ಬೇಸ್ ಡ್ರಮ್ಮಿಗೆ ಟ್ರಿಗರ್ ಕೂರಿಸುವುದು ಮಾಮೂಲು. ಅದು ಏಟಿನ ಅದುರು ಹಿಡಿದು ಮಾಡ್ಯೂಲ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಕಳಿಸುತ್ತದೆ, ಮಾಡ್ಯೂಲ್ ತನ್ನೊಳಗಿನ ಸದ್ದನ್ನು ಹೊರಡಿಸುತ್ತದೆ. ಮೆಲ್ಲಗೆ ತುಳಿದರೂ ಏಟು ಗಟ್ಟಿಯಾಗಿಯೇ ಕೇಳುತ್ತದೆ. ನಾನು ಆ ಸದ್ದನ್ನು ಬರೀ ಕಾಲಿನ ಬಲದಿಂದ ತೆಗೆಯಲು ಹೊರಟಿದ್ದೆ! 240ರಲ್ಲಿ ಸಿಕ್ಸ್‌ಟೀಂತ್ (ಒಂದು ಬೀಟಿಗೆ ನಾಲ್ಕು ಏಟು) ಅಂದರೆ ಸೆಕೆಂಡಿಗೆ 16 ಏಟು, ಒಂದು ಕಾಲಿಗೆ 8. ಅಷ್ಟರಲ್ಲಿ ತೊಡೆ ಎತ್ತಲು ಸಮಯ ಎಲ್ಲಿದೆ? ಪಾದದ ಗಂಟಿನಿಂದ ಕೆಳಗಷ್ಟೇ ಆಡಬೇಕು. ಬಿಗಿ ಸ್ಪ್ರಿಂಗ್ ಡ್ರಮ್ಮಿಗೆ ಬಡಿಯುವ ಬೀಟರನ್ನು ಬೇಗ ಹಿಂದಕ್ಕೆಳೆಯುತ್ತದೆ ನಿಜ, ಆದರೆ ಪ್ರತಿ ಏಟಿಗೂ ಅದರ ವಿರುದ್ಧ ತುಳಿಯಬೇಕು. ಮೊಣಕಾಲಿನ ಕೆಳಗೆ ಮುಂದಿನ ಸ್ನಾಯು ಕಲ್ಲಿನಂತಾಯಿತು. ಮೆಟ್ಟಿಲಿಳಿದರೂ ನೋವು. 170 ದಾಟಿದರೆ ಬಲಗಾಲು ಸೆಟೆದು ನಿಲ್ಲುತ್ತಿತ್ತು. ಹುತ್ತರಿ ಬರುವಷ್ಟರಲ್ಲಿ ನಮ್ಮ ಬ್ಯಾಂಡಿನವರು ಬೇರೆ ಡ್ರಮ್ಮರ್ ನೋಡಿಕೊಂಡರು. ಅದು ಇವತ್ತಿಗೂ ನನಗೆ ಸಂಕಟ.

ಪೆಡಲ್ ನೋಡಿ ಡ್ರಮ್ಮರ್‌ಗಳನ್ನು ಹೋಲಿಸುವುದನ್ನೇ ನಾನು ಒಪ್ಪುವುದಿಲ್ಲ. 1986ರ ಸ್ಲೇಯರ್ ಬ್ಯಾಂಡ್ ಕೇಳಿ: ಅದರ ಡ್ರಮ್ಮರ್ ಡೇವ್ ಲೊಂಬಾರ್ಡೊ ಎರಡು ಬೇಸ್ ಡ್ರಮ್ ಇಟ್ಟುಕೊಂಡಿದ್ದರೂ ಮೈ ಜುಮ್ಮೆನ್ನಿಸುವುದು ಅವನ ಕೈ ಸಣ್ಣ ಡ್ರಮ್ಮುಗಳಾದ ಟಾಮ್‌ಗಳ ಮೇಲೆ ಓಡುವ ರೀತಿ. ಮೆಷುಗ್ಗಾ ಬ್ಯಾಂಡಿನ ಡ್ರಮ್ಮರ್ ತೋಮಸ್ ಹಾಕೆ ಕೈಯಲ್ಲಿ ನಾಲ್ಕರ ಎಣಿಕೆ ಬಿಡದೆ, ಕಾಲಲ್ಲಿ ಗಿಟಾರಿನ ಬೆಸ ಎಣಿಕೆ ಹಿಡಿಯುತ್ತಾನೆ. ಅಲ್ಲಿ ಕಷ್ಟವಿರುವುದು ತಲೆಯಲ್ಲಿ, ಯಾವ ಪೆಡಲೂ ಅದನ್ನು ಕೊಡುವುದಿಲ್ಲ. ಡೈರೆಕ್ಟ್ ಡ್ರೈವಿನಲ್ಲಿ ಚೈನ್ ಬದಲು ಲೋಹದ ಸರಳು ಇರುತ್ತದೆ, ಸಡಿಲವೇ ಇಲ್ಲ. ಕಾಲು ಸಮವಾಗಿಲ್ಲದಿದ್ದರೆ ಆ ಏರುಪೇರು ಹಾಗೆಯೇ ಕೇಳಿಸುತ್ತದೆ.

ಇರುವ ಚೈನ್ ಪೆಡಲನ್ನೇ ಇಟ್ಟುಕೊಳ್ಳಿ. ಸ್ಪ್ರಿಂಗ್ ಅರ್ಧಕ್ಕೆ ಇಳಿಸಿ. ಸ್ಟೂಲ್ ಮೊಣಕಾಲಿಗಿಂತ ಸೊಂಟ ತುಸು ಮೇಲಿರುವಷ್ಟು ಎತ್ತರಿಸಿ. 150ರಿಂದ 180ರ ನಡುವೆ ಆತುರಪಡದೆ ತಿಂಗಳುಗಟ್ಟಲೆ ಇರಿ, ತೊಡೆಯ ಕೆಲಸ ಪಾದದ ಗಂಟಿಗೆ ಇಳಿಯುವುದು ಅಲ್ಲೇ. ನೋವು ಬಂದ ದಿನ ನಿಲ್ಲಿಸಿ. ದುಡ್ಡು ಖರ್ಚು ಮಾಡಲೇಬೇಕಿದ್ದರೆ, ಸ್ಟೇಜಿಗೆ ಹೋಗುವವರಾದರೆ, ಟ್ರಿಗರ್ ತಗೊಳ್ಳಿ. ಜೂನ್ ಶುರುವಾದ ಮೇಲೆ ಪೆಡಲನ್ನು ನೆಲದಲ್ಲಿ ಬಿಡಬೇಡಿ. ನಮ್ಮ ಥಂಡಿಗೆ ಮೊದಲು ತುಕ್ಕು ಹಿಡಿಯುವುದು ಸ್ಪ್ರಿಂಗಿನ ಕೊಕ್ಕೆ, ವಾರಕ್ಕೊಮ್ಮೆ ಅಲ್ಲಿಗೊಂದು ಹನಿ ಎಣ್ಣೆ ಬಿಡಿ.