‘ಟಕ್’ ಅನ್ನುವ ಫ್ರಿಜ್‌ಗೆ ಗ್ಯಾಸ್ ಯಾಕೆ?

ಪ್ರಶ್ನೆ: ನಮ್ಮದು ಸಿಂಗಲ್ ಡೋರ್‌ನ ಸಣ್ಣ ಫ್ರಿಜ್, ಕೊಂಡು ಏಳು ವರ್ಷ ಆಯಿತು. ನಾಲ್ಕು ದಿನದಿಂದ ತಂಪೇ ಆಗುತ್ತಿಲ್ಲ, ಹಾಲು ಒಡೆಯುತ್ತಿದೆ. ಒಳಗಿನ ಲೈಟ್ ಹತ್ತುತ್ತದೆ. ಹಿಂದುಗಡೆ ‘ಗುಂಯ್’ ಅಂತ ಶುರುವಾಗಿ ಸ್ವಲ್ಪ ಹೊತ್ತಿಗೇ ‘ಟಕ್’ ಅನ್ನುತ್ತದೆ, ಆಮೇಲೆ ಮೂರ್ನಾಲ್ಕು ನಿಮಿಷ ಸದ್ದಿಲ್ಲ, ಮತ್ತೆ ಅದೇ ಕಥೆ. ರಿಪೇರಿಯವರು ಬಾಗಿಲು ತೆಗೆದು ನೋಡಿ ‘ಗ್ಯಾಸ್ ಖಾಲಿ, 3000 ರೂಪಾಯಿ ಆಗುತ್ತೆ’ ಅಂದರು. ತುಂಬಿಸಲಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ನೀವು ಆ ‘ಟಕ್’ ಸದ್ದಿನ ಬಗ್ಗೆ ಬರೆದಿದ್ದು ಒಳ್ಳೆಯದಾಯಿತು. ಗ್ಯಾಸ್ ಹೋದ ಫ್ರಿಜ್‌ನಲ್ಲಿ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಹಿಂದುಗಡೆಯ ಮೋಟಾರ್) ಸಾಮಾನ್ಯವಾಗಿ ನಿಲ್ಲದೆ ಓಡುತ್ತಲೇ ಇರುತ್ತದೆ, ಮುಟ್ಟಿದರೆ ಸುಡುತ್ತದೆ, ಆದರೆ ಫ್ರೀಜರ್‌ನಲ್ಲಿ ಒಂದು ಮೂಲೆಯಲ್ಲಿ ಮಾತ್ರ ಮಂಜು ಕಟ್ಟುತ್ತದೆ, ಇಲ್ಲವೇ ಕಟ್ಟುವುದೇ ಇಲ್ಲ. ನಿಮ್ಮದು ಓಡುತ್ತಲೇ ಇಲ್ಲವಲ್ಲ! ಶುರುವಾಗಲು ಒದ್ದಾಡುತ್ತದೆ, ಬಿಸಿಯಾಗುತ್ತದೆ, ಅದು ಸುಟ್ಟುಹೋಗದಂತೆ ಕಾಯುವ ‘ಓವರ್‌ಲೋಡ್’ ಅನ್ನುವ ಸಣ್ಣ ಸ್ವಿಚ್ ‘ಟಕ್’ ಅಂತ ಕರೆಂಟ್ ಕಡಿಯುತ್ತದೆ, ತಣ್ಣಗಾದ ಮೇಲೆ ಮತ್ತೆ ಕೊಡುತ್ತದೆ.

ಮೊದಲು ವೋಲ್ಟೇಜ್ ನೋಡಿ. ಬರಬೇಕಾದದ್ದು 230. ಅದು 180ಕ್ಕಿಂತ ಕೆಳಗಿಳಿದರೆ ಒಳ್ಳೆಯ ಕಂಪ್ರೆಸರ್ ಕೂಡ ಹೀಗೇ ಒದ್ದಾಡಬಹುದು. ಎಕ್ಸ್‌ಟೆನ್ಷನ್ ಬೋರ್ಡಿಗೆ ಮಿಕ್ಸಿ ಜೊತೆ ಸಿಕ್ಕಿಸಿದ್ದೀರಾ? ಹಾಗಿದ್ದರೆ ತೆಗೆದು, ಹತ್ತು ನಿಮಿಷ ಬಿಟ್ಟು, ಗೋಡೆಯ ಸಾಕೆಟ್ಟಿಗೇ ಹಾಕಿ ನೋಡಿ.

ಅದಕ್ಕೂ ಜಗ್ಗದಿದ್ದರೆ ಅನುಮಾನ ರಿಲೇ ಮೇಲೆ, ಅಂದರೆ ಕಂಪ್ರೆಸರ್ ಶುರುವಾಗಲು ನೆರವಾಗುವ ಸ್ವಿಚ್ ಮೇಲೆ. ಕಂಪ್ರೆಸರ್‌ನ ಪಕ್ಕಕ್ಕೆ ಕೂತಿರುವ ಸಣ್ಣ ಡಬ್ಬಿಯೊಳಗೆ ಇರುತ್ತದೆ. ರಿಪೇರಿಯವರಿಂದಲೇ ಬಿಚ್ಚಿಸಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡಲು ಹೇಳಿ, ಒಳಗೆ ಗಿಲಗಿಲ ಅಂದರೆ ಅಥವಾ ಸುಟ್ಟ ವಾಸನೆ ಬಂದರೆ ಸಾಮಾನ್ಯವಾಗಿ ಅದು ಹೋಗಿದೆ ಅಂತ ಅರ್ಥ. ಗ್ಯಾಸ್‌ಗೆ ಕೇಳಿದ ದುಡ್ಡಿನ ಮುಂದೆ ಇದು ಚಿಲ್ಲರೆ ಬಾಬ್ತು. ನಿಮ್ಮ ಕಂಪ್ರೆಸರ್‌ಗೆ ಹೊಂದುವ ರಿಲೇಯೇ ಆಗಬೇಕು, ಅಷ್ಟೆ. ಹೊಸದು ಹಾಕಿದರೂ ‘ಟಕ್’ ನಿಲ್ಲದಿದ್ದರೆ ಕಂಪ್ರೆಸರ್ ಒಳಗೇ ಜಾಮ್ ಆಗಿರಬೇಕು, ಏಳು ವರ್ಷದ ಸಣ್ಣ ಫ್ರಿಜ್‌ಗೆ ಹೊಸ ಕಂಪ್ರೆಸರ್ ಹಾಕಿಸು ಅಂತ ನಾನಂತೂ ಹೇಳುವುದಿಲ್ಲ. ಅಂದಹಾಗೆ, ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಇನ್ವರ್ಟರ್ ಕಂಪ್ರೆಸರ್‌ನಲ್ಲಿ ಈ ರಿಲೇ ಇರುವುದಿಲ್ಲ, ಅದರ ಎಲೆಕ್ಟ್ರಾನಿಕ್ ಬೋರ್ಡ್ ಪರೀಕ್ಷೆಯೇ ಬೇರೆ.

ಇನ್ನು ಗ್ಯಾಸ್ ಮಾತು. ಅದು ಸ್ಕೂಟರಿನ ಪೆಟ್ರೋಲ್ ಥರ ಉರಿದು ಖಾಲಿಯಾಗುವುದಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ, ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಾಗಿದೆ ಅಂತ ಅರ್ಥ. ನಾನೂ ಒಮ್ಮೆ ಐಸ್ ಬಿಡಿಸಲು ಫ್ರೀಜರ್‌ಗೆ ಚಾಕು ಹಾಕಿ ‘ಸುಸ್’ ಅನ್ನಿಸಿಕೊಂಡವನೇ. ಯಾರಾದರೂ ಗ್ಯಾಸ್ ಖಾಲಿ ಅಂದರೆ ತೂತು ಎಲ್ಲಿದೆ ಅಂತ ಕೇಳಿ, ಅದನ್ನು ಮುಚ್ಚದೆ ತುಂಬಿಸಿದ್ದು ಮತ್ತೆ ಸೋರಿಯೇ ಸೋರುತ್ತದೆ. ಫ್ರಿಜ್‌ನ ಹಿಂಭಾಗಕ್ಕೆ ಅಂಟಿಸಿದ ಚೀಟಿಯಲ್ಲಿ ಆರ್600ಎ ಅಂತಿದ್ದರೆ ಅದು ಬೆಂಕಿ ಹತ್ತುವ ಗ್ಯಾಸ್, ಪೈಪಿನ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಲೇಬೇಡಿ.

ಅಲ್ಲಿಯವರೆಗೆ ಹಾಲನ್ನು ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕಾಯಿಸಿ ಇಡಿ.